ಮರಿಗೊಂದು ಹಿಡಿ ಹಿಂಡಿ

ಹುನಗುಂದದ ಕಡೆ ಮಳೆ ಹಿಡಿಯಿತೆಂದರೆ ನಾನು ಆಡಿನ ಮರಿಗಳ ಕಣ್ಣು ನೋಡಲು ಶುರು ಮಾಡುತ್ತೇನೆ. ಕೆಳರೆಪ್ಪೆ ಎಳೆದರೆ ಒಳಗೆ ಕೆಂಪಗಿರಬೇಕು. ಬಿಳಿಚಿದ್ದರೆ, ಗದ್ದದ ಕೆಳಗೆ ಮೆತ್ತಗೆ ಬಾವು ಬಂದಿದ್ದರೆ, ರಕ್ತ ಹೀರುವ ಜಂತುಹುಳದ ಮೇಲೇ ನನಗೆ ಮೊದಲ ಅನುಮಾನ. ಹಾಲು ಬಿಟ್ಟ ಹೊಸದರಲ್ಲಿ ಮರಿಗಳಿಗೆ ಇದರ ಕಾಟ ಜಾಸ್ತಿ.

ಡಾಕ್ಟರ್ ಹೇಳಿದ ಔಷಧಿ ಹಾಕಲೇಬೇಕು. ಆದರೆ ಅಷ್ಟಕ್ಕೇ ಮುಗಿಯಲ್ಲ. ರಕ್ತದ ಜೊತೆ ಮೈಯ ಪ್ರೋಟೀನ್ ಕೂಡ ಹೋಗಿರುತ್ತದೆ, ಅದನ್ನು ತುಂಬಬೇಕಲ್ವಾ? ಅದಕ್ಕೇ ಹಿಂಡಿ ಕೊಡುವುದು. ಅದು ಹುಳ ಕೊಲ್ಲುವುದಿಲ್ಲ. ತಡೆದುಕೊಳ್ಳುವ ಶಕ್ತಿ ಕೊಡುತ್ತದೆ.

ಶೇಂಗಾ ಹಿಂಡಿ, ನುಚ್ಚು ಮಾಡಿದ ಗೋವಿನಜೋಳ, ತೊಗರಿ ಹೊಟ್ಟು ಕಲಸಿ ಮರಿಗೆ ದಿನಕ್ಕೆ 100 ಗ್ರಾಂ ಹತ್ತಿರ ಕೊಡುತ್ತೇನೆ. ಮೊದಲು ಒಂದು ಚಿಟಿಕೆ, ಆಮೇಲೆ ನಿಧಾನಕ್ಕೆ ಹೆಚ್ಚು. ಒಮ್ಮೆಲೇ ಕಾಳು ತಿಂದರೆ ಹೊಟ್ಟೆ ಉಬ್ಬುತ್ತದೆ. ಬೂಸಲು ಹಿಡಿದ ಹಿಂಡಿಯಂತೂ ಬೇಡವೇ ಬೇಡ, ಅದು ವಿಷ.

ದೊಡ್ಡ ಆಡುಗಳು ಬಿಡಬೇಕಲ್ಲ! ಅದಕ್ಕೆ ದೊಡ್ಡಿಯ ಮೂಲೆಯಲ್ಲಿ ಬಿದಿರಿನ ಗಳ ಅಡ್ಡ ಕಟ್ಟಿ, ಮರಿ ಮಾತ್ರ ನುಸುಳುವಷ್ಟು ಸಂದಿ ಬಿಟ್ಟಿದ್ದೇನೆ. ತಾಯಿ ಆಡು ಕತ್ತು ತೂರಿಸಿ, ಕೋಡು ಸಿಕ್ಕಿಸಿಕೊಂಡು ಒದರುತ್ತದೆ. ಮರಿ ತಲೆ ಎತ್ತುವುದೇ ಇಲ್ಲ.

ಇನ್ನು ಮೇಯಿಸಲು ಬಿಡುವುದು ಇಬ್ಬನಿ ಆರಿದ ಮೇಲೆಯೇ. ಒದ್ದೆ ಹುಲ್ಲಿನ ಮೇಲೆಯೇ ಈ ಜಂತುವಿನ ಮರಿಹುಳ ಹತ್ತಿ ಕೂತಿರುತ್ತವೆ.