ಸಿರಕ್ಯೂಸ್‌ನ ಮೇಲ್ಸೇತುವೆ, ಶಾಲೆ ಪಕ್ಕದ ಒಂದು ಸರ್ಕಲ್

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ ಮಾಡ್ತಾರಂತೆ, ನಿಮ್ಮ ಕಡೆ ಇಂಥದ್ದನ್ನೆಲ್ಲ ಹೇಗೆ ತೀರ್ಮಾನ ಮಾಡ್ತಾರೆ ಅಕ್ಕ, ಅಂತ ತಮ್ಮ ಕಳೆದ ವಾರ ಫೋನಿನಲ್ಲಿ ಕೇಳಿದ. ಅಮೆರಿಕ ಪೂರ್ತಿ ನನಗೆ ಗೊತ್ತಿಲ್ಲ. ನಾನಿರುವ ಸಿರಕ್ಯೂಸ್ ಗೊತ್ತು. ನ್ಯೂಯಾರ್ಕ್ ರಾಜ್ಯದ ನಡುಭಾಗದಲ್ಲಿರುವ, ಹಿಮ ಜಾಸ್ತಿ ಬೀಳುವ ಊರು. ಇಲ್ಲಿ ನಡೆದದ್ದನ್ನು ಬರೆಯುತ್ತೇನೆ.

ಇಂಟರ್‌ಸ್ಟೇಟ್ 81 ಎಂಬ ಹೆದ್ದಾರಿ ಟೆನ್ನೆಸ್ಸಿಯಿಂದ ಹೊರಟು ಕೆನಡಾ ಗಡಿಯವರೆಗೆ ಹೋಗುತ್ತದೆ. ದಾರಿಯಲ್ಲಿ ನಮ್ಮ ಊರಿನ ಮಧ್ಯೆ ಸುಮಾರು 1.4 ಮೈಲಿ ಮೇಲ್ಸೇತುವೆಯ ಮೇಲೆ ಹಾಯುತ್ತದೆ. ಅದರ ಕೆಳಗಿನ ಬೀದಿ ಆಲ್ಮಂಡ್ ಸ್ಟ್ರೀಟ್. ಒಂದು ಕಡೆ ಯೂನಿವರ್ಸಿಟಿ, ದೊಡ್ಡ ಆಸ್ಪತ್ರೆ. ಇನ್ನೊಂದು ಕಡೆ ಪಯೋನಿಯರ್ ಹೋಮ್ಸ್ ಎಂಬ ಹಳೆಯ ಸರ್ಕಾರಿ ವಸತಿ, ಅದಕ್ಕೆ ಹತ್ತಿರದಲ್ಲೇ ಡಾಕ್ಟರ್ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ಪ್ರಾಥಮಿಕ ಶಾಲೆ. ನಾನು ಕೆಲಸಕ್ಕೆ ದಿನಾ ಆ ಸೇತುವೆ ಕೆಳಗೇ ನಡೆದು ಹೋಗುತ್ತಿದ್ದೆ. ಮೇಲೆ ಲಾರಿ ಸದ್ದು, ಹಿಮ ಕರಗುವ ಕಾಲಕ್ಕೆ ತಲೆ ಮೇಲೆ ತೊಟ್ಟಿಕ್ಕುವ, ರಸ್ತೆಗೆ ಹಾಕಿದ ಉಪ್ಪು ಬೆರೆತ ನೀರು. ರಸ್ತೆ ದಾಟೋದೇ ಒಂದು ಕಷ್ಟ.

1960ರ ದಶಕದಲ್ಲಿ ಇದನ್ನು ಕಟ್ಟುವಾಗ 15ನೇ ವಾರ್ಡ್ ಎಂಬ ಕಪ್ಪು ಜನರ ಕೇರಿ ನಾಶವಾಯಿತು. ನಗರ ನವೀಕರಣದ ಹೆಸರಿನಲ್ಲಿ ಒಂದಿಷ್ಟು ಮನೆ ಕೆಡವಿದರು, ಹೆದ್ದಾರಿಗೆಂದು ಇನ್ನೊಂದಿಷ್ಟು. ಸಾವಿರಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು. ಯೋಜನೆಯಿಂದ ಏನೇನು ಹಾಳಾಗುತ್ತದೆ ಎಂದು ಮೊದಲೇ ಬರೆದು ಜನರ ಮುಂದೆ ಇಡಬೇಕು ಅನ್ನುವ ರಾಷ್ಟ್ರೀಯ ಪರಿಸರ ಕಾನೂನು ಆಗ ಇರಲಿಲ್ಲ. ಅದು ಜಾರಿಗೆ ಬಂದದ್ದು 1970ರಲ್ಲಿ.

ಸೇತುವೆಗೆ ವಯಸ್ಸಾಯಿತು. ಈಗ ಏನು ಮಾಡೋದು ಅನ್ನುವ ಚರ್ಚೆ ಹತ್ತು ವರ್ಷಕ್ಕೂ ಮೀರಿ ನಡೆಯಿತು. ಇನ್ನೂ ಅಗಲವಾಗಿ ಮತ್ತೆ ಕಟ್ಟಬಹುದು, ಆದರೆ ಪಕ್ಕದ ಕಟ್ಟಡಗಳು ಹೋಗುತ್ತವೆ. ಸುರಂಗ ಕೊರೆಯಬಹುದು, ಆದರೆ ಖರ್ಚು 300 ಕೋಟಿ ಡಾಲರ್ ದಾಟುತ್ತದೆ. ಮೂರನೆಯದು, ಸೇತುವೆ ಕೆಡವಿ ವಾಹನಗಳನ್ನು ಊರಿನ ಬೀದಿಗಳಿಗೆ ಹಂಚಿಬಿಡುವುದು. ಊರಿನಲ್ಲಿ ನಿಲ್ಲದೆ ದಾಟಿ ಹೋಗುವವರಿಗೆ ಊರ ಹೊರಗೆ ಸುತ್ತಿ ಹೋಗುವ 481ನೇ ಹೆದ್ದಾರಿಗೇ 81 ಅಂತ ಹೆಸರು ಕೊಡುವುದು. ಇದಕ್ಕೆ ಕಮ್ಯುನಿಟಿ ಗ್ರಿಡ್ ಎನ್ನುತ್ತಾರೆ. ರಾಜ್ಯದ ಸಾರಿಗೆ ಇಲಾಖೆ ಇದನ್ನೇ ಆರಿಸಿತು. ಇದರ ಜೊತೆ ಹೆದ್ದಾರಿಗಳು ಒಂದನ್ನೊಂದು ಕೂಡುವ ಇಂಟರ್‌ಚೇಂಜ್‌ಗಳನ್ನೂ ಸರಿಪಡಿಸಬೇಕಿತ್ತು. ಊರೊಳಗೆ 690ನೇ ಹೆದ್ದಾರಿ 81ನ್ನು ಕೂಡುವ ಜಾಗದಲ್ಲಿ ಒಂದರಿಂದ ಇನ್ನೊಂದಕ್ಕೆ ಹತ್ತುವ ಕೆಲವು ರ್‍ಯಾಂಪ್‌ಗಳೇ ಇಲ್ಲ. ಪಶ್ಚಿಮದಿಂದ 690ರಲ್ಲಿ ಬಂದವರು ನೇರವಾಗಿ 81ರ ಉತ್ತರ ದಿಕ್ಕಿಗೆ ಹತ್ತಲು ಆಗುತ್ತಿರಲಿಲ್ಲ, ಊರಿನ ಬೀದಿಗೆ ಇಳಿದು ಸುತ್ತಬೇಕಿತ್ತು. ಆ ಕೊಂಡಿ ಹೊಸ ನಕ್ಷೆಯಲ್ಲಿ ಬಂತು.

2021ರ ಜುಲೈನಲ್ಲಿ, ಆ ಪರಿಸರ ಕಾನೂನು ಕೇಳುವ ವರದಿಯ ಕರಡು ಹೊರಬಿತ್ತು. ಸಾವಿರಾರು ಪುಟ. ಆಕ್ಷೇಪಣೆ ಕೊಡಲು 90 ದಿನ ಕೊಟ್ಟರು. ಆಗಸ್ಟ್‌ನ ಅಹವಾಲು ಸಭೆಗೆ ನಾನೂ ಹೋಗಿದ್ದೆ. ಕೋವಿಡ್ ಕಾಲ, ಎಲ್ಲರ ಮುಖಕ್ಕೂ ಮಾಸ್ಕ್. ದೊಡ್ಡ ದೊಡ್ಡ ನಕ್ಷೆಗಳನ್ನು ಹರಡಿದ್ದರು, ಪಕ್ಕದಲ್ಲಿ ಎಂಜಿನಿಯರ್‌ಗಳು ನಿಂತಿದ್ದರು. ನಾನು ಹೋದದ್ದು ನನ್ನ ಒಂದು ಜೀಬ್ರಾ ಕ್ರಾಸಿಂಗ್ ಬಗ್ಗೆ ಕೇಳಲು. ಆದರೆ ಅವತ್ತಿನಿಂದ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ.

ಹೆದ್ದಾರಿ ಮುಗಿದು ಬೀದಿ ಶುರುವಾಗುವ ಜಾಗದಲ್ಲಿ, ವ್ಯಾನ್ ಬ್ಯೂರೆನ್ ಸ್ಟ್ರೀಟ್ ಹತ್ತಿರ, ಒಂದು ರೌಂಡ್‌ಅಬೌಟ್ ಹಾಕಿದ್ದರು. ನಮ್ಮ ಭಾಷೆಯಲ್ಲಿ ಸರ್ಕಲ್. ಹೆದ್ದಾರಿಯಿಂದ ಬರುವ ಕಾರು, ಲಾರಿಗಳ ವೇಗ ಅಲ್ಲಿ ಇಳಿಯಬೇಕು ಅನ್ನುವುದು ಅವರ ಲೆಕ್ಕ. ಲೆಕ್ಕ ಸರಿಯೇ, ಆದರೆ ಅದು ಶಾಲೆಗೆ ತೀರಾ ಹತ್ತಿರ. ನನ್ನ ಪಕ್ಕ ನಿಂತಿದ್ದ ಒಬ್ಬ ಅಜ್ಜಿ ನಕ್ಷೆಯ ಮೇಲೆ ಬೆರಳಿಟ್ಟು, ನನ್ನ ಮೊಮ್ಮಗ ಆಡೋದು ಇಲ್ಲಿ, ನಿಮ್ಮ ಲಾರಿ ಬ್ರೇಕ್ ಹಾಕೋದೂ ಇಲ್ಲೇ, ಅಂದರು. ಜೋರು ಮಾಡಲಿಲ್ಲ. ಎಂಜಿನಿಯರ್ ಹುಡುಗ ಬರೆದುಕೊಂಡ.

ಅವರು ಒಬ್ಬರೇ ಅಲ್ಲ. ತಂದೆ ತಾಯಂದಿರು, ನಾಗರಿಕ ಹಕ್ಕುಗಳ ಸಂಘಟನೆ, ಎಷ್ಟೋ ಜನ ಇದೇ ಮಾತು ಹೇಳಿದರು. 2022ರ ಏಪ್ರಿಲ್‌ನಲ್ಲಿ ಅಂತಿಮ ವರದಿ ಬಂದಾಗ ಸರ್ಕಲ್ ದಕ್ಷಿಣಕ್ಕೆ ಸರಿದಿತ್ತು, ಶಾಲೆಯಿಂದ ದೂರ. ಜನ ಕೊಟ್ಟ ಆಕ್ಷೇಪಣೆಗಳನ್ನು ವಿಷಯವಾರು ಜೋಡಿಸಿ, ಕೆಳಗೆ ಉತ್ತರ ಬರೆದು, ವರದಿಯ ಭಾಗವಾಗಿಯೇ ಅಚ್ಚು ಹಾಕಿದ್ದರು. ನಾನು ಅದನ್ನು ತೆರೆದು ಗಂಟೆಗಟ್ಟಲೆ ಓದಿದೆ. ಬೇಡ ಅಂದದ್ದಕ್ಕೆ ಯಾಕೆ ಬೇಡ ಅಂತ ಕಾರಣ ಬರೆದಿದ್ದರು, ಒಪ್ಪಿದ್ದಕ್ಕೆ ಎಲ್ಲಿ ಬದಲಾಯಿಸಿದೆವು ಅಂತ. ಕಾರಣಗಳೆಲ್ಲ ನನಗೆ ಒಪ್ಪಿಗೆ ಆಗಲಿಲ್ಲ. ಆದರೂ ಕಾಗದದ ಮೇಲೆ ಇತ್ತಲ್ವಾ, ಅದನ್ನು ಹಿಡಿದು ಮುಂದೆ ಕೇಳಬಹುದು.

ಬೆಂಗಳೂರಿನಲ್ಲಿ 2016ರ ಅಕ್ಟೋಬರ್‌ನಲ್ಲಿ ಸ್ಟೀಲ್ ಫ್ಲೈಓವರ್ ಬೇಡ ಅಂತ ಮಾನವ ಸರಪಳಿ ಮಾಡಿದಾಗ ನಾನೂ ಅದರಲ್ಲಿ ನಿಂತಿದ್ದೆ. ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳದವರೆಗೆ ಅದು, 812 ಮರ ಹೋಗುತ್ತಿದ್ದವು. 2017ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಗೆದ್ದೆವು, ಸಂತೋಷವೂ ಆಯಿತು. ಆದರೆ ನಾವು ಬೀದಿಗೆ ಬಂದದ್ದು ಎಲ್ಲ ತೀರ್ಮಾನ ಆದ ಮೇಲೆ. ಆ ಹೊತ್ತಿಗೆ ಬೇಕು ಅಥವಾ ಬೇಡ, ಎರಡೇ ಮಾತು ಉಳಿದಿರುತ್ತವೆ. ಇದನ್ನು ಸ್ವಲ್ಪ ಆ ಕಡೆ ಸರಿಸಿ ಅಂತ ಹೇಳಲು ನಕ್ಷೆ ಇನ್ನೂ ಪೆನ್ಸಿಲ್‌ನಲ್ಲಿ ಇರಬೇಕು. ತಮ್ಮನಿಗೆ ನಾನು ಹೇಳಿದ್ದೂ ಇಷ್ಟೇ. ಸುರಂಗ ಒಳ್ಳೆಯದೋ ಕೆಟ್ಟದ್ದೋ ಆಮೇಲೆ ಜಗಳ ಆಡು, ಮೊದಲು ನಿನ್ನ ಮನೆ ಹತ್ತಿರ ಅದು ಎಲ್ಲಿ ಮೇಲೆ ಬರುತ್ತದೆ, ಆ ರ್‍ಯಾಂಪ್ ಯಾರ ಶಾಲೆ, ಯಾವ ಬಸ್ ಸ್ಟಾಪ್ ಪಕ್ಕ ಇಳಿಯುತ್ತದೆ ಅಂತ ನಕ್ಷೆ ಕೇಳು.

ಇಲ್ಲಿ ಎಲ್ಲ ಸುಲಭವಾಗಿ ಆಯಿತು ಅಂದುಕೊಳ್ಳಬೇಡಿ. ಸುತ್ತಲಿನ ಊರಿನವರಲ್ಲಿ ಹಲವರಿಗೆ ಸೇತುವೆ ಬೇಕಿತ್ತು, ಕೋರ್ಟಿಗೂ ಹೋದರು. 2023ರ ಫೆಬ್ರವರಿಯಲ್ಲಿ ಒಬ್ಬ ನ್ಯಾಯಾಧೀಶರು ಕೆಡವುವ ಕೆಲಸ ತಡೆದರು. ಒಂದು ವರ್ಷದ ನಂತರ ಮೇಲ್ಮನವಿಯಲ್ಲಿ ತಡೆ ತೆರವಾಯಿತು. ಮಧ್ಯೆ 81 ಮತ್ತು 481 ಕೂಡುವ ಇಂಟರ್‌ಚೇಂಜ್‌ಗಳ ಕೆಲಸ ಶುರುವಾಗಿತ್ತು. ಬಳಸು ದಾರಿ ಸಿದ್ಧವಾಗದೆ ಸೇತುವೆ ಕೆಡವಿದರೆ ವಾಹನ ಹೋಗುವುದೆಲ್ಲಿಗೆ? ಖರ್ಚು 225 ಕೋಟಿ ಡಾಲರ್ ಅಂತ ಅಂದಾಜು.

ಆ ಅಜ್ಜಿ ಆಮೇಲೆ ನನಗೆ ಪರಿಚಯವಾದರು, ಚಳಿಗಾಲದಲ್ಲಿ ಆಗಾಗ ಅವರ ಮನೆಗೆ ಸಾರು ತೆಗೆದುಕೊಂಡು ಹೋಗುತ್ತೇನೆ. ಅವರ ಅಪ್ಪನ ಮನೆ 15ನೇ ವಾರ್ಡಿನಲ್ಲಿ ಇತ್ತಂತೆ. ಸರ್ಕಲ್ ವಿಷಯ ಅವರಿಗೆ ಮುಗಿದ ಮಾತು. ಈಗ ಅವರು ಕೇಳುವುದು ಬೇರೆ ಪ್ರಶ್ನೆ. ಸೇತುವೆ ಹೋದ ಮೇಲೆ ಕೆಳಗೆ ಖಾಲಿ ಜಾಗ ಸಿಗುತ್ತದಲ್ಲ, ಅಲ್ಲಿ ಯಾರು ಮನೆ ಕಟ್ಟುತ್ತಾರೆ, ಬಾಡಿಗೆ ಎಷ್ಟು, ಅಲ್ಲಿಂದ ಎಬ್ಬಿಸಿದವರ ಮಕ್ಕಳಿಗೆ ಒಂದಾದರೂ ಸಿಗುತ್ತದಾ? ಮುಂದಿನ ಸಭೆಗೆ ಇಬ್ಬರೂ ಒಟ್ಟಿಗೆ ಹೋಗುತ್ತೇವೆ. ಅವರು ಹೇಳಿದ್ದನ್ನು ನಾನು ಬರೆದುಕೊಡಬೇಕು, ಉತ್ತರ ಬರಹದಲ್ಲೇ ಬರಬೇಕು ಅಂತ ಈಗಲೇ ಹೇಳಿಟ್ಟಿದ್ದಾರೆ.