ಲೈಬ್ರರಿಯಲ್ಲಿ ಭಾಷಣ ಯಾಕೆ?

ನವೆಂಬರ್ ಬಂತೆಂದರೆ ಚಿತ್ರದುರ್ಗದಲ್ಲಿ ಸಿಕ್ಕವರೆಲ್ಲ ಕೇಳುವುದು ಇದೊಂದೇ: “ಲೈಬ್ರರಿ ಅಂದ್ರೆ ಸುಮ್ನೆ ಕೂತು ಓದೋ ಜಾಗ. ಅಲ್ಲಿ ತಿಂಗಳಿಡೀ ಭಾಷಣ, ಹಾಡು, ಮೈಕು ಯಾಕೆ?” ಕಾರ್ಯಕ್ರಮ ನಡೆಸುವ ಬಳಗದಲ್ಲಿ ನಾನೂ ಇದ್ದೇನೆ, ಹಾಗಾಗಿ ಉತ್ತರ ಹೇಳಲೇಬೇಕು.

ನವೆಂಬರೇ ಯಾಕೆ ಅನ್ನುವುದು ಸುಲಭ. 1ಕ್ಕೆ ರಾಜ್ಯೋತ್ಸವ, 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಶಾಮಿಯಾನ, ಕುರ್ಚಿ ಹೇಗೂ ಬಂದಿರುತ್ತವೆ.

ಭಾಷಣ ಯಾಕೆ ಅಂದರೆ, ಕೆಲವು ಪುಸ್ತಕಗಳನ್ನು ಯಾರಾದರೂ ಕೈ ಹಿಡಿದು ತೋರಿಸದೆ ಜನ ಮುಟ್ಟುವುದಿಲ್ಲ. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಮ್ಮ ಜಿಲ್ಲೆಯ ಶಾಸನಗಳಿರುವ 11ನೇ ಸಂಪುಟವನ್ನೇ ನೋಡಿ. ದಪ್ಪ ರಟ್ಟು, ಮೇಲೆ ಧೂಳು. ಒಂದು ಸಂಜೆ ಬ್ರಹ್ಮಗಿರಿಯ ಅಶೋಕನ ಶಾಸನದ ಬಗ್ಗೆ ಮಾತಿತ್ತು. ಶಾಸನ ತಜ್ಞ ಬಿ.ಎಲ್. ರೈಸ್ 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅದನ್ನು ಪತ್ತೆ ಮಾಡಿದ್ದು ಎಲ್ಲರೂ ಓದಿರುವುದೇ. ಜನ ಆಕಳಿಸುತ್ತಿದ್ದರು. ಮಾತಾಡುವವರು ಶಾಸನದ ಕೊನೆಯ ಸಾಲಿಗೆ ಬಂದರು ನೋಡಿ, ಎಲ್ಲರೂ ನೆಟ್ಟಗೆ ಕೂತರು. ಶಾಸನ ಪೂರ್ತಿ ಬ್ರಾಹ್ಮಿ ಲಿಪಿಯಲ್ಲಿದೆ. ಬರೆದವನು ಚಪಡ. ಆದರೆ ತಾನು ಲಿಪಿಕಾರ ಅನ್ನುವುದನ್ನು ಮಾತ್ರ ಖರೋಷ್ಠಿ ಅನ್ನುವ ಬೇರೆ ಲಿಪಿಯಲ್ಲಿ, ಬಲದಿಂದ ಎಡಕ್ಕೆ, ಕೆತ್ತಿಸಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ದೂರದ ಗಾಂಧಾರದ ಕಡೆ, ಅಂದರೆ ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಗಡಿ ಭಾಗದಲ್ಲಿ.

“ಅಷ್ಟು ದೂರದಿಂದ ನಮ್ಮೂರ ಬಂಡೆಗೆ ಬಂದಿದ್ನಾ ಸಾರ್ ಅವನು?” ಅಂತ ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗನೊಬ್ಬ ಹಿಂದಿನಿಂದ ಕೇಳಿದ. ಸಂಪುಟ ಪಕ್ಕದ ಮೇಜಿನ ಮೇಲೇ ಇತ್ತು. ಮಾತು ಮುಗಿದ ಮೇಲೆ ನಾಲ್ಕೈದು ಜನ ಅದರ ಮೇಲೆ ಬಗ್ಗಿದ್ದರು.

ನಮ್ಮ ಒಂದೇ ಕಟ್ಟುಪಾಡು ಅದು. ಯಾವ ವಿಷಯಕ್ಕೆ ಭಾಷಣವೋ ಆ ಪುಸ್ತಕಗಳು ಅವತ್ತು ಮೇಜಿನ ಮೇಲೆ ಇರಬೇಕು. ಇಲ್ಲದಿದ್ದರೆ ಆ ಭಾಷಣವನ್ನು ಯಾವುದಾದರೂ ಸಭಾಭವನದಲ್ಲಿ ಇಟ್ಟುಕೊಳ್ಳಬಹುದು. ಅಲ್ಲಿ ಚಪ್ಪಾಳೆ, ಟೀ, ಆಮೇಲೆ ಮನೆ. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅಂತ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ಸೂತ್ರ ಬರೆದಿಟ್ಟಿದ್ದಾರೆ. ಸುಮ್ಮನಿದ್ದರೆ ಹೇಗೆ ಸಿಗುತ್ತಾನೆ?

ಗಲಾಟೆಯ ದೂರು ಮಾತ್ರ ನ್ಯಾಯವಾದದ್ದು. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಬ್ಯಾಗ್ ಇಟ್ಟು ಜಾಗ ಹಿಡಿಯುವ ಹುಡುಗ ಹುಡುಗಿಯರಿಗೆ ನಮ್ಮ ಜಾನಪದ ಗೀತೆ ಬೇಕಾಗಿಲ್ಲ. ಅದಕ್ಕೇ ಎಲ್ಲ ಹೊರಗೆ ಅಂಗಳದಲ್ಲಿ, ಸಂಜೆ. ಹಾಡು, ಕೋಲಾಟ ಭಾನುವಾರಕ್ಕೆ. ನನ್ನ ಕೈಯಲ್ಲಿದ್ದಿದ್ದರೆ ಹಾರ, ಶಾಲು, ಪ್ರಾಸ್ತಾವಿಕ ನುಡಿ ಎಲ್ಲಕ್ಕೂ ಕತ್ತರಿ ಹಾಕುತ್ತಿದ್ದೆ. ನಿಜವಾದ ಗಲಾಟೆ ಅದೇ.

ಇನ್ನು ಕೆಲವರು “ನಮಗೂ ಲೈಬ್ರರಿಗೂ ಏನು ಸಂಬಂಧ?” ಅನ್ನುತ್ತಾರೆ. ಮನೆ ಕಂದಾಯದ ರಸೀದಿ ತೆಗೆದು ನೋಡಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಅದರ ಜೊತೆಗೇ ಗ್ರಂಥಾಲಯ ಕರವನ್ನೂ ಕಟ್ಟಿರುತ್ತೀರಿ. ಕಟ್ಟಿದ ಮೇಲೆ ಬರದೇ ಇದ್ದರೆ ಹೇಗೆ? ಈ ಸಲ ಬನ್ನಿ. ಮುಂದಿನ ಸಾಲಿನ ಕುರ್ಚಿಗಳನ್ನು ಯಾವ ಗಣ್ಯರಿಗೂ ಕಾದಿರಿಸಿಲ್ಲ.