ಲುಟ್ಸೋ ರಸ್ತೆಯ ಆಲ್ಬಂಗಳು

ಬರ್ಲಿನ್‌ನಲ್ಲಿ ಬ್ರಾಂಡೆನ್‌ಬರ್ಗ್ ಗೇಟ್, ಒಡೆದ ಗೋಡೆ, ಮ್ಯೂಸಿಯಂ ದ್ವೀಪ ಎಲ್ಲ ನೋಡಿದ್ದಾಯ್ತು. ಚೆಕ್‌ಪಾಯಿಂಟ್ ಚಾರ್ಲಿ, ಅಂದರೆ ಹಿಂದೆ ಪೂರ್ವ-ಪಶ್ಚಿಮ ಬರ್ಲಿನ್ ನಡುವಿನ ತಪಾಸಣೆ ಗೇಟು, ನನಗೆ ಹಿಡಿಸಲಿಲ್ಲ. ಬರೀ ನೂಕುನುಗ್ಗಲು, ಸೆಲ್ಫಿ. ಮನಸ್ಸಲ್ಲಿ ಕೂತದ್ದು ಬೆಬೆಲ್‌ಪ್ಲಾಟ್ಸ್ ಚೌಕ.

ಅಲ್ಲಿ ನೆಲಕ್ಕೇ ಗಾಜು ಕೂರಿಸಿದ್ದಾರೆ. ಬಗ್ಗಿ ನೋಡಿದರೆ ಕೆಳಗೊಂದು ಬಿಳಿ ಕೋಣೆ, ಸುತ್ತ ಪುಸ್ತಕದ ಕಪಾಟು, ಎಲ್ಲವೂ ಖಾಲಿ. 1933ರ ಮೇ 10ರ ರಾತ್ರಿ ನಾಜಿಗಳು ಪುಸ್ತಕ ಸುಟ್ಟ ಜಾಗ ಅದು. ಆ ಬೆಂಕಿಗೆ ಮಾಗ್ನಸ್ ಹಿರ್ಷ್‌ಫೆಲ್ಡ್ ಅವರ ಗ್ರಂಥಾಲಯವೂ ಬಿತ್ತು ಅನ್ನೋದು ನನಗೆ ಗೊತ್ತಿರಲಿಲ್ಲ. ಅವರು ಯಹೂದಿ, ವೈದ್ಯರು, ಸ್ವತಃ ಸಲಿಂಗಿ. ಲೈಂಗಿಕತೆಯ ಅಧ್ಯಯನಕ್ಕೆ ಅಂತ 1919ರಲ್ಲೇ ಸಂಸ್ಥೆ ಕಟ್ಟಿದ್ದರು. 1931ರಲ್ಲಿ ಭಾರತಕ್ಕೂ ಬಂದಿದ್ದರು. ತಮ್ಮ ಪುಸ್ತಕ ಉರಿಯೋದನ್ನು ಅವರು ನೋಡಿದ್ದು ಪ್ಯಾರಿಸ್ಸಿನ ಸಿನಿಮಾ ಮಂದಿರದಲ್ಲಿ, ನ್ಯೂಸ್‌ರೀಲ್‌ನಲ್ಲಿ. ಮತ್ತೆ ಜರ್ಮನಿಗೆ ಬರಲೇ ಇಲ್ಲ.

ಅಲ್ಲೇ ಓದುತ್ತಿರುವ ಅಕ್ಕನ ಮಗ, "ಚಿಕ್ಕಮ್ಮ, ಇದರ ಮುಂದಿನ ಕಥೆ ಲುಟ್ಸೋ ರಸ್ತೆಯಲ್ಲಿದೆ, ಬನ್ನಿ" ಅಂದ. ರೈಲಲ್ಲಿ ತಪಾಸಣೆಯವರು ಹಿಡಿದರು. ಟಿಕೆಟ್ ಇತ್ತು, ಮುದ್ರೆ ಒತ್ತುವ ಯಂತ್ರ ಕೆಟ್ಟಿತ್ತು. ಎಷ್ಟು ಹೇಳಿದರೂ ಕೇಳಲಿಲ್ಲ, 60 ಯೂರೋ ದಂಡ. ಈಗಲೂ ಹೊಟ್ಟೆ ಉರಿಯುತ್ತೆ. ನೀವು ಹೋದರೆ ಮುದ್ರೆ ಬಿದ್ದಿದೆಯಾ ನೋಡಿಕೊಂಡೇ ಹತ್ತಿ. ಯಂತ್ರ ಕೆಟ್ಟಿದ್ದರೆ ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಲುಟ್ಸೋ ರಸ್ತೆಯಲ್ಲಿರೋದು ಶ್ವುಲೆಸ್ ಮ್ಯೂಸಿಯಂ, ಅಂದರೆ ಸಲಿಂಗಿಗಳ ಮ್ಯೂಸಿಯಂ. 1984ರಲ್ಲಿ ಬೇರೊಂದು ಮ್ಯೂಸಿಯಂನಲ್ಲಿ ಕಾವಲು ಕೆಲಸಕ್ಕಿದ್ದ ಹುಡುಗರು ಹಟ ಹಿಡಿದು ಬರ್ಲಿನ್‌ನ ಸಲಿಂಗಿಗಳ ಇತಿಹಾಸದ ಪ್ರದರ್ಶನ ಮಾಡಿಸಿದರು. ಮರುವರ್ಷ ಇದು ಹುಟ್ಟಿತು. ಸಲಿಂಗಿ ಗಂಡಸರನ್ನು ಜೈಲಿಗೆ ಹಾಕುತ್ತಿದ್ದ 175ನೇ ಕಲಂ ಜರ್ಮನಿಯಲ್ಲಿ ಪೂರ್ತಿ ಹೋಗಿದ್ದು 1994ರಲ್ಲಿ. ಅಂದರೆ ಕಾನೂನು ಬದಲಾಗಲಿ ಅಂತ ಇವರು ಕಾಯಲಿಲ್ಲ. ನನಗೆ ತುಂಬಾ ಹಿಡಿಸಿದ್ದು ಇದೇ.

ಅಲ್ಲಿ ಸ್ವಯಂಸೇವಕರೊಬ್ಬರು ಮಾತಿಗೆ ಸಿಕ್ಕರು. ಎಪ್ಪತ್ತು ದಾಟಿದವರು. ಇಲ್ಲಿರೋ ಹಳೇ ಫೋಟೋ, ಕಾಗದ ಎಲ್ಲ ಎಲ್ಲಿಂದ ಬರುತ್ತೆ ಅಂತ ಕೇಳಿದೆ.

"ಯಾರಾದರೂ ತೀರಿಕೊಂಡಾಗ ಮನೆಯವರಿಗೆ ಆ ಫೋಟೋ, ಕಾಗದ ಬೇಡವಾಗಿರುತ್ತೆ. ಕಸಕ್ಕೆ ಹೋಗೋ ಮೊದಲು ಸ್ನೇಹಿತರು ತಂದುಕೊಡ್ತಾರೆ" ಅಂದರು.

ಒಂದು ಆಲ್ಬಂ ತೋರಿಸಿದರು. ಕೆರೆ ದಂಡೆಯಲ್ಲಿ ಇಬ್ಬರು ಗಂಡಸರು, ಹೆಗಲ ಮೇಲೆ ಕೈ. ಒಬ್ಬನ ಮುಖವಿದ್ದ ಜಾಗದಲ್ಲಿ ಕತ್ತರಿಯಿಂದ ಕತ್ತರಿಸಿದ ತೂತು. ನಾನು ಜಗಳವೇನೋ ಅಂದುಕೊಂಡೆ. "ಅಲ್ಲಮ್ಮ, ಪೊಲೀಸರ ಕೈಗೆ ಸಿಕ್ಕರೆ ಗೆಳೆಯ ಉಳೀಲಿ ಅಂತ. ತನ್ನ ಮುಖ ಹಾಗೇ ಬಿಟ್ಟಿದ್ದಾನೆ ನೋಡಿ" ಅಂದರು. ಪುಟ ತಿರುವೋಕೆ ಮನಸ್ಸಾಗಲಿಲ್ಲ.

ನಿಮ್ಮೂರಲ್ಲಿ ಯಾರು ಕೂಡಿಡ್ತಾರೆ ಅಂತ ಅವರು ಕೇಳಿದರು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿರುವ 'ಕ್ಯಾಮ್ರಾ' ಅನ್ನೋ, ಸಲಿಂಗಿ, ಹಿಜ್ರಾ ಮುಂತಾದವರ ನೆನಪು-ಹೋರಾಟಗಳ ಸಂಗ್ರಹದ ಬಗ್ಗೆ ಹೇಳಿದೆ. ನಮ್ಮಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂ ವಿರುದ್ಧದ ಹೋರಾಟದ ಕಾಗದಪತ್ರ ಅಲ್ಲಿವೆ. "ಸರಿ, ಹೋರಾಟಕ್ಕೆ ಬರದೇ ಇದ್ದವರ ಆಲ್ಬಂ?" ಅಂದರು. ನಮ್ಮೂರಿನ ಹಮಾಮ್‌ಗಳಲ್ಲಿ, ಅಂದರೆ ಸ್ನಾನದ ಮನೆಗಳಲ್ಲಿ, ಒಟ್ಟಿಗೆ ಬಾಳಿದ ಹಿಜ್ರಾಗಳ ನೆನಪಾಯ್ತು. ಅವರ ಫೋಟೋಗಳು ಯಾವ ಟ್ರಂಕಿನಲ್ಲಿವೆಯೋ! ಅವನ್ನು ಕಬ್ಬನ್ ಪಾರ್ಕಿಗೆ ಭಾನುವಾರ ಬರೋ ಜನ ನೋಡುವಂತಾಗಬೇಕು ಅಂದೆ.

ಬಾಗಿಲು ಹಾಕೋ ಹೊತ್ತಾಗಿತ್ತು. ಆದರೂ ಅವರು ಕೂತು, ಫೋಟೋ ಜೊತೆ ಏನೇನು ಬರೆದಿಡಬೇಕು ಅಂತ ನನಗೆ ಪಟ್ಟಿ ಮಾಡಿಕೊಟ್ಟರು: ಯಾರದ್ದು, ಯಾವ ವರ್ಷ, ಕೊಟ್ಟವರು ಯಾರು, ಯಾರಿಗೆಲ್ಲ ತೋರಿಸಬಹುದು ಅಂತ ಅವರೇ ಹೇಳಿದ್ದೇನು.